ಮಾಳಿಗೆಯ ಮೇಲಿನ ಕುಂಬಳಕಾಯಿ

ನಾನು ಚಿಕ್ಕವನಿದ್ದಾಗಲೂ ಈಗಿನ ಹಾಗೆಯೇ ಚಿಂತೆ ಮಾಡುತ್ತಿದ್ದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನಾನು ಬಸ್ ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬರುತ್ತೇನಲ್ಲ, ನೀವು ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತೀರಲ್ಲ, ಹಾಗೆ. ಆಗ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ಅದಕ್ಕೇ ಕುಂಬಳಕಾಯಿಯ ಚಿಂತೆ ಮಾಡುತ್ತಿದ್ದೆ.

ನಮ್ಮ ಊರು ಸಾರವಾಡದ ಹತ್ತಿರ, ಡೋಣಿ ಹೊಳೆಯ ದಂಡೆಗೆ. ಮನೆಗೆ ಮಣ್ಣಿನ ಮಾಳಿಗೆ. ಹಿತ್ತಲಿನ ತಿಪ್ಪೆಯ ಪಕ್ಕ ನಾನೇ ಊರಿದ ಒಂದು ಬೀಜ ಬಳ್ಳಿಯಾಗಿ, ಗೋಡೆ ಏರಿ, ಮಾಳಿಗೆಯ ಮೇಲೆ ಹೋಗಿ ಕಾಯಿ ಬಿಟ್ಟಿತ್ತು. ಮಳೆ ಚೆನ್ನಾಗಿತ್ತು. ಕಾಯಿ ಉಬ್ಬಿದ್ದೇ ಉಬ್ಬಿದ್ದು. ಊರವರು ಅದನ್ನು ನೋಡಿ ಸಂತೋಷಪಟ್ಟರೆ ನನಗೆ ಮಾತ್ರ ನಿದ್ದೆ ಹಾರಿತು. ಮಾಳಿಗೆ ಕುಸಿದು ಅದು ನನ್ನ ತಲೆಯ ಮೇಲೆಯೇ ಬಿದ್ದರೆ? ನಾನು ಕೌದಿ ಎಳೆದುಕೊಂಡು ದಿನಕ್ಕೊಂದು ಮೂಲೆಯಲ್ಲಿ ಮಲಗತೊಡಗಿದೆ. "ಹಾಸಿಗಿ ಹೊತಗೊಂಡು ಎಲ್ಲಿ ಹೊಂಟೀಯಲೇ, ಸಂತಿಗೆ?" ಎಂದು ಅವ್ವ ಕೇಳುತ್ತಿದ್ದಳು.

ದಸರೆ ಮುಗಿದ ಮೇಲೆ ಬರುವ ಹುಣ್ಣಿಮೆಗೆ ಶೀಗಿ ಹುಣ್ಣಿಮೆ ಎನ್ನುತ್ತಾರೆ. ಹೊಲದಲ್ಲಿ ಬೆಳೆ ನಿಂತಿರುವ ಹೊತ್ತು. ಆಗ ಭೂತಾಯಿ ಬಸುರಿ ಎಂದು ನಮ್ಮವರ ನಂಬಿಕೆ. ಬಸುರಿಗೆ ಬಯಕೆಯ ಊಟ ಕೊಡಬೇಕಲ್ಲ, ಅದಕ್ಕೇ ಮನೆಯಲ್ಲಿ ಬೆಳೆದದ್ದನ್ನೆಲ್ಲ ಅಡುಗೆ ಮಾಡಿ ಹೊಲಕ್ಕೆ ಒಯ್ದು ಬೆಳೆಯ ನಡುವೆ ಚೆಲ್ಲಿ ಬರುತ್ತಾರೆ. ಆ ವರ್ಷ ನಮಗೆ ಬಸುರಿಯರು ಇಬ್ಬರು. ಒಬ್ಬಳು ಭೂತಾಯಿ, ಇನ್ನೊಬ್ಬಳು ಅಕ್ಕ.

ಅಕ್ಕನನ್ನು ಕಳ್ಳಕವಟಗಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ, ತವರಿಗೆ ಬಂದಳು. ಬಂಡಿಯಿಂದ ಇಳಿಯುವ ಮೊದಲೇ ಮಾಳಿಗೆ ನೋಡಿ ಕೂಗಿದಳು: "ಯವ್ವಾ! ತಮ್ಮಾ, ಅಲ್ಲಿ ನೋಡಲೇ, ಮಾಳಿಗಿ ಮ್ಯಾಲ ಎಮ್ಮಿ ಕರ ಮಲಗಿದಂಗ ಕಾಣತೈತಿ!"

ಕೂಗಿದರೆ ಚಿಂತೆಯಿರಲಿಲ್ಲ. ಬೆರಳು ಮಾಡಿ ತೋರಿಸಿದಳು, ಪೂರ್ತಿ ಬೆರಳು.

ಬಳ್ಳಿಯಲ್ಲಿರುವ ಕಾಯಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಇದು ನಮ್ಮ ಓಣಿಯ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಅವಳು ತೋರಿಸಿದ್ದನ್ನು ನಾನೊಬ್ಬನೇ ನೋಡಿದ್ದೆ. ಸಾಲದ್ದಕ್ಕೆ ಆ ಸಂಜೆ ಅಕ್ಕ, "ಆಯಿ, ನನಗ ಕುಂಬಳಕಾಯಿ ಗಾರಿಗಿ ತಿನಬೇಕ ಅನಸಾಕತ್ತೈತಿ" ಎಂದಳು. ಗಾರಿಗೆ ಎಂದರೆ ಎಣ್ಣೆಯಲ್ಲಿ ಕರಿದ ಸಿಹಿ ವಡೆ, ಆಯಿ ಎಂದರೆ ನನ್ನ ಅಜ್ಜಿ. ಅವಳು ನಕ್ಕು, "ಮಾಡೂಣ ತಗೋ. ಬಸುರಿ ಬಯಕಿ ತೀರಲಿಲ್ಲಂದ್ರ ಹುಟ್ಟೋ ಕೂಸಿನ ಕಿವಿ ಸೋರತಾವಂತ" ಎಂದಳು.

ಅವಳು ತಮಾಷೆಗೆ ಅಂದದ್ದು. ನಾನು ಲೆಕ್ಕ ಹಾಕಿದೆ. ಬೆರಳು ತೋರಿಸಿದ್ದಾಯಿತು, ಕಾಯಿ ಕೊಳೆಯುತ್ತದೆ. ಕಾಯಿ ಕೊಳೆತರೆ ಗಾರಿಗೆ ಇಲ್ಲ. ಗಾರಿಗೆ ಇಲ್ಲದಿದ್ದರೆ, ಇನ್ನೂ ಹುಟ್ಟದ ಕೂಸಿನ ಕಿವಿಯ ಗತಿ?

ಹುಣ್ಣಿಮೆಯ ಹಿಂದಿನ ದಿನ ಅಪ್ಪ ಅಕ್ಕನಿಗೆ ಹಸಿರು ಬಳೆ ತರಲು ಬಬಲೇಶ್ವರದ ಸಂತೆಗೆ ಹೋದ. ನಾವು ಹಿತ್ತಲಿಗೆ ಇಳಿದೆವು. ರಾತ್ರಿಯ ಮಳೆಗೆ ನೆಲ ಮೆತ್ತಗಾಗಿತ್ತು. ಬದನೆಯ ಮುಳ್ಳು ಕೈಗೆ ಚುಚ್ಚುತ್ತಿತ್ತು, ಪುಂಡಿಸೊಪ್ಪು ಮುರಿದರೆ ಹುಳಿ ವಾಸನೆ. ಹೀರೇಕಾಯಿ ಎಲೆಯ ಮರೆಯಲ್ಲಿ ಕೂತಿದ್ದವು, ಕರೆದರೂ ಓಗೊಡದ ಮಕ್ಕಳ ಹಾಗೆ. ಎಳೆ ಸವತೆಕಾಯಿಯನ್ನು ಅಕ್ಕ ಸೆರಗಿಗೆ ಒರೆಸಿ ಅಲ್ಲಿಯೇ ಕಚ್ಚಿದಳು. ಆದರೆ ಹೊಟ್ಟೆಯಲ್ಲಿ ಉಳಿಯಲಿಲ್ಲ. ಆ ದಿನಗಳಲ್ಲಿ ಅವಳಿಗೆ ಏನೂ ಉಳಿಯುತ್ತಿರಲಿಲ್ಲ.

ಕೊನೆಗೆ ಕುಂಬಳಕಾಯಿಯನ್ನು ಗೋಣಿಚೀಲಕ್ಕೆ ಹಾಕಿ, ಹಗ್ಗ ಕಟ್ಟಿ, ಅವ್ವ ಮೇಲಿನಿಂದ ಇಳಿಬಿಟ್ಟಳು. ಕೆಳಗೆ ನಾನು ಅಪ್ಪಿಕೊಂಡೆ. ಅಡಿಯಲ್ಲಿ ಕೈಗೆ ಏನೋ ಮೆತ್ತಗೆ ತಾಗಿತು. ಕೊಳೆತದ್ದೇ ಇರಬೇಕು. ಆ ಬದಿಯನ್ನು ಕೆಳಗೆ ಮಾಡಿ ನೆಲಕ್ಕೆ ಇಟ್ಟೆ.

ಸಂಜೆಯಾದರೂ ಅಪ್ಪ ಬರಲಿಲ್ಲ. ಡೋಣಿ ತುಂಬಿ ಬಂದಿದೆ, ಸಂತೆಗೆ ಹೋದವರೆಲ್ಲ ಆಚೆ ದಂಡೆಗೆ ನಿಂತಿದ್ದಾರೆ ಎಂದು ಸುದ್ದಿ ಬಂತು. ನೀರು ಇಳಿದ ಮೇಲೆಯೇ ಬರುವುದು. ಅಡುಗೆ ನಿಂತಿತು. ಯಾಕೆಂದರೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಪೆಟ್ಟು ಹಾಕುತ್ತಿರಲಿಲ್ಲ. ಗಂಡಸರು ಒಡೆದುಕೊಟ್ಟ ಮೇಲೆ ಹೆಚ್ಚುವುದು ಅವರ ಕೆಲಸ.

"ಮನ್ಯಾಗ ಗಂಡಸರು ಯಾರೂ ಇಲ್ಲಲ್ಲ ಅತ್ತಿ, ಏನ ಮಾಡೂದ್ರಿ?" ಎಂದಳು ಅವ್ವ.

"ಇಲ್ಲಂತ ಯಾರಂದ್ರು? ಅಲ್ಲಿ ನಿಂತಾನಲ್ಲ ಒಬ್ಬ" ಎಂದಳು ಆಯಿ.

"ಎಲ್ಲಿ ಬೇ? ನನಗ ಕಾಣವಲ್ಲ" ಎಂದಳು ಅಕ್ಕ.

"ಬಾಗಲ ಹಿಂದ ಅಡಗ್ಯಾನ, ನೋಡು."

ಎಲ್ಲರೂ ನಕ್ಕರು. ನಾನು ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. "ಅಪ್ಪ ಬರ್ಲಿ" ಎಂದೆ. ಒಡೆದರೆ ಒಳಗಿನದು ಗೊತ್ತಾಗಿಬಿಡುತ್ತದೆ. ಒಡೆಯದಿದ್ದರೆ ಇನ್ನೂ ಸ್ವಲ್ಪ ಹೊತ್ತು ಅದು ಒಳ್ಳೆಯ ಕಾಯಿ.

ಅಕ್ಕ ನಗುವುದನ್ನು ನಿಲ್ಲಿಸಿದಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮುಖ ಬಾಡಿತ್ತು. "ಇರ್ಲಿ ಬಿಡ ಆಯಿ, ಅಂವಗ ಯಾಕ ಕಾಡತಿ. ನನಗೇನೂ ಬ್ಯಾಡ" ಎಂದಳು.

ಕಾಡಿಸಿದ್ದರೆ ನಾನು ಅಲ್ಲಾಡುತ್ತಿರಲಿಲ್ಲ. ಆ "ಬ್ಯಾಡ" ನನ್ನನ್ನು ಬಾಗಿಲ ಹಿಂದಿನಿಂದ ಎಳೆದು ತಂದಿತು.

ಆಯಿ ನೆಲದ ಮೇಲೆ ಸಿಂಬೆ ಇಟ್ಟಳು. ಕೊಡ ಹೊರುವಾಗ ತಲೆಯ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದು. ಅದರ ಮೇಲೆ ಕುಂಬಳಕಾಯಿ ಕೂರಿಸಿ ಎರಡೂ ಕೈಯಿಂದ ಹಿಡಿದಳು. ಅವ್ವ ನನ್ನ ಕೈಗೆ ಕಬ್ಬು ಕಡಿಯುವ ಕೊಯ್ತಾ ಕೊಟ್ಟಳು. "ನಿನ್ನ ಕೈಗೆ ಬಿದ್ದರ, ಆಯಿ?" ಎಂದೆ. "ಬಿದ್ದರ ಬಿತ್ತು, ಇನ್ನೊಂದ ಕೈ ಐತಲ್ಲ. ಹಾಕು!" ಎಂದಳು. ಅವಳು ಕಣ್ಣು ತೆರೆದುಕೊಂಡೇ ಇದ್ದಳು. ಕೊಯ್ತಾ ಹಿಡಿದ ನಾನು ಕಣ್ಣು ಮುಚ್ಚಿದ್ದೆ.

ಧಪ್ ಎಂದು ಶಬ್ದವಾಯಿತು. ಕಣ್ಣು ಬಿಟ್ಟೆ. ಒಳಗೆ ಕೇಸರಿ ಬಣ್ಣ, ಹಸಿ ಸಿಹಿ ವಾಸನೆ. ಅಡಿಯಲ್ಲಿ ಮಾತ್ರ ಅಂಗೈಯಗಲ ಕಪ್ಪಗೆ ಕೊಳೆತಿತ್ತು.

ನಾನು ಜೋರಾಗಿ ಅಳತೊಡಗಿದೆ. "ಅಕ್ಕ ಬೆರಳ ತೋರ್ಸ್ಯಾಳ! ಕೂಸಿನ ಕಿವಿ ಸೋರತಾವ!"

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಯಿ ಚಾಕು ತೆಗೆದುಕೊಂಡು ಕೊಳೆತದ್ದನ್ನು ಕೆತ್ತಿ ಎಮ್ಮೆಯ ಬುಟ್ಟಿಗೆ ಎಸೆದಳು. "ಬೆರಳೂ ಇಲ್ಲ ಗಿರಳೂ ಇಲ್ಲೋ ಹುಚ್ಚಪ್ಪಾ. ಇದು ಮಲಗಿದ ಮಗ್ಗಲ. ಹಸಿ ಮಾಳಿಗಿ ಮ್ಯಾಲ ನೀನೂ ಹೊಳ್ಳದಂಗ ಮಲಗು, ನಿನ್ನ ಬೆನ್ನೂ ಹಿಂಗ ಆಗತೈತಿ. ಮುಂದಿನ ವರ್ಷ ಅಡಿಯಾಗ ಒಂದ ಸಿಂಬಿ ಇಡು."

ಆಮೇಲೆ ಮನೆಯೆಲ್ಲ ವಾಸನೆ. ತುರಿದ ಕುಂಬಳಕಾಯಿ ಬೆಲ್ಲದಲ್ಲಿ ಕುದಿದು, ಗೋದಿ ಹಿಟ್ಟು, ಯಾಲಕ್ಕಿ ಸೇರಿ, ಅವ್ವನ ಅಂಗೈಯಲ್ಲಿ ತಟ್ಟಿಸಿಕೊಂಡು, ಶೇಂಗಾ ಎಣ್ಣೆಯಲ್ಲಿ ಉಬ್ಬಿ ಬಂತು. ಹೊಲದಲ್ಲಿ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಆಯಿ ಮೊದಲ ಗಾರಿಗೆಯನ್ನು ಊದಿ ಊದಿ ಅಕ್ಕನ ಕೈಗೆ ಕೊಟ್ಟಳು.

"ಹೊಲಕ್ಕ ಒಯ್ಯೂದ್ರಿ ಅದು!" ಎಂದಳು ಅವ್ವ, ಗಾಬರಿಯಾಗಿ.

"ಭೂತಾಯೇನ್ ಓಡಿ ಹೋಗ್ತಾಳ? ಬಸುರಿ ಕಷ್ಟ ಬಸುರಿಗೆ ಗೊತ್ತಾಗತೈತಿ ಬಿಡ."

ಅಕ್ಕ ತಿಂದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕೂತೆವು. ಹೊಟ್ಟೆಯಲ್ಲಿ ಉಳಿಯಿತು. ಇನ್ನೊಂದು ಬೇಡಿದಳು.

ಬೆಳಗಿಗೆ ನೀರಿಳಿದು ಅಪ್ಪ ಬಂದ, ಕೆಸರು ಮೆತ್ತಿದ ಕಾಲು, ಒಡೆಯದ ಬಳೆ. ಉಳಿದದ್ದನ್ನು ಬುಟ್ಟಿ ತುಂಬಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಭೂತಾಯಿ ಸಿಟ್ಟಾಗಲಿಲ್ಲ. ಆ ವರ್ಷ ಜೋಳ ಆಳೆತ್ತರ ಬಂತು. ಹುಟ್ಟಿದ ಕೂಸು ಈಗ ಸಾಲಿಯಲ್ಲಿ ಟೀಚರು. ಹಿಂದಿನ ಬೆಂಚಿನ ಪಿಸುಮಾತೂ ಅವಳಿಗೆ ಕೇಳಿಸುತ್ತದೆ.

ಈಗ ವಿಜಯಪುರದ ನಮ್ಮ ಮನೆಗೆ ಸಿಮೆಂಟಿನ ಮಾಳಿಗೆ. ನೀವು ನೀಲಿ ಡ್ರಮ್ಮಿನಲ್ಲಿ ಬೆಳೆಸಿದ ಬಳ್ಳಿ ನೀರಿನ ಟಾಕಿಯ ಪಕ್ಕ ಒಂದೇ ಒಂದು ಕಾಯಿ ಬಿಟ್ಟಿದೆ. ನೀವು ಗೆಳತಿಯರನ್ನು ಕರೆತಂದು ಪೂರ್ತಿ ಬೆರಳು ಚಾಚಿ ತೋರಿಸುತ್ತೀರಿ, ಅದಕ್ಕೆ ಒರಗಿ ಫೋಟೊ ತೆಗೆದುಕೊಳ್ಳುತ್ತೀರಿ. ನೀವು ಕೆಳಗೆ ಇಳಿದ ಮೇಲೆ ಹೋಗಿ, ಅದರ ಅಡಿಗೆ ಇಟ್ಟ ಸಿಂಬೆ ಒದ್ದೆಯಾಗಿದೆಯೋ ಎಂದು ಮುಟ್ಟಿ ನೋಡಿ ಬರುತ್ತೇನೆ. ಬೆರಳಿನ ಚಿಂತೆ ಬಿಟ್ಟಿದ್ದೇನೆ. ಮಗ್ಗುಲಿನ ಚಿಂತೆ ಬಿಟ್ಟಿಲ್ಲ.

ನಾಳೆ ಶೀಗಿ ಹುಣ್ಣಿಮೆ. ಅಕ್ಕ ಕಳ್ಳಕವಟಗಿಯಿಂದ ಬಸ್ಸಿಗೆ ಬರುತ್ತಾಳೆ. "ಗಾರಿಗಿ ಮೆತ್ತಗ ಮಾಡಸಪಾ, ಹಲ್ಲಿಲ್ಲ" ಎಂದು ಫೋನು ಮಾಡಿದ್ದಾಳೆ. ಮೊದಲ ಪೆಟ್ಟು ಯಾರದು ಎಂದು ಮನೆಯಲ್ಲಿ ಮಾತು ಬಂದಾಗ, ನಿಮ್ಮಲ್ಲಿ ದೊಡ್ಡವಳು ಎದ್ದು ನಿಂತು, "ಮುತ್ಯಾ, ಬೀಜ ಹಚ್ಚಿದಾಕಿ ನಾ, ಒಡಿಯಾಕಿನೂ ನಾನ" ಎಂದಳು. ಸರಿ ಎಂದೆ. ಆಯಿ ಇದ್ದಿದ್ದರೂ ಸರಿ ಎನ್ನುತ್ತಿದ್ದಳು.

ಕಾಯಿ ಹಿಡಿದುಕೊಳ್ಳಬೇಕಾದವನು ನಾನು. ಆಯಿಯ ಹಾಗೆ ಕಣ್ಣು ತೆರೆದುಕೊಂಡು ಹಿಡಿಯಲು ನನ್ನಿಂದ ಆಗುತ್ತದೋ ಇಲ್ಲವೋ, ಈಗ ಅದೊಂದೇ ಚಿಂತೆ.