ಪಂಕಜಾ ಅವರ ಪುಷ್ಪಕ್

ಪಂಕಜಾ ದೆಹಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಗಂಡ ಈಶ್ವರಪ್ಪ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಅಧಿಕಾರಿ. ಮನೆ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸು. ಓಡಾಟಕ್ಕೆ ಒಂದು ಹಳೆಯ ಸ್ಕೂಟರು, ಇಲ್ಲವೆಂದರೆ ಬಸ್ಸು. ಕಾರು ಇರಲಿಲ್ಲ. ಆದರೆ ಪಂಕಜಾ ಅವರ ಹೆಸರಿನಲ್ಲಿ ಒಂದು ವಿಮಾನವಿತ್ತು.

ಅದು ಎರಡು ಸೀಟಿನ, ಒಂದೇ ಎಂಜಿನ್ನಿನ ಪುಷ್ಪಕ್. ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದದ್ದು. ಮೈಯೆಲ್ಲ ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಿಗಿದ ಬಟ್ಟೆ. ಮುಚ್ಚಿಹೋದ ಯಾವುದೋ ಫ್ಲೈಯಿಂಗ್ ಕ್ಲಬ್ಬಿನದು ಹರಾಜಿಗೆ ಬಂದಾಗ, ೧೯೯೬ರಲ್ಲಿ, ಪಂಕಜಾ ತಮ್ಮ ಸಂಬಳದ ಅರಿಯರ್ಸಿನಲ್ಲಿ ಅದನ್ನು ಕೊಂಡಿದ್ದರು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿ ಹಾರಾಟ ಕಲಿತವರು ಅವರು. ಮದುವೆ, ನೌಕರಿ, ಮಗಳು ಎಲ್ಲ ಆದಮೇಲೂ ಲೈಸೆನ್ಸನ್ನು ಬಿಟ್ಟುಕೊಟ್ಟಿರಲಿಲ್ಲ.

ವಿಮಾನ ಇರುತ್ತಿದ್ದದ್ದು ಮನೆಯಿಂದ ಹತ್ತು ನಿಮಿಷದ ಸಫ್ದರ್‌ಜಂಗ್ ಏರ್‌ಪೋರ್ಟಿನ ಹ್ಯಾಂಗರಿನಲ್ಲಿ. ಮೊದಲ ಐದು ವರ್ಷ ಚೆನ್ನಾಗಿತ್ತು. ಚಳಿಗಾಲದ ಭಾನುವಾರ ಹೊರಟರೆ ಒಂದು ಗಂಟೆಯಲ್ಲಿ ಕರ್ನಾಲ್. ಅಲ್ಲಿ ಢಾಬಾದ ಪರೋಟ ತಿಂದು, ಊಟದ ಹೊತ್ತಿಗೆ ಮನೆ. ಕೆಳಗೆ ಸಾಸಿವೆ ಹೊಲಗಳು ಹಳದಿಯಾಗಿ ಹಾಸಿಕೊಂಡಿರುತ್ತಿದ್ದವು. ಮಗಳು ಚಿನ್ಮಯಿ ಚಿಕ್ಕವಳಿದ್ದಾಗ ಎರಡು ಸಲ ಜೊತೆಗೆ ಬಂದಿದ್ದಳು. ಎರಡು ಸಲವೂ ವಾಂತಿ ಮಾಡಿಕೊಂಡಿದ್ದಳು.

೨೦೦೧ರ ನಂತರ ಭದ್ರತೆಯ ಕಾರಣದಿಂದ ಸಫ್ದರ್‌ಜಂಗಿನಲ್ಲಿ ಸಣ್ಣ ವಿಮಾನಗಳ ಹಾರಾಟ ನಿಂತಿತು. ಪ್ರಧಾನಿಗಳ ಮನೆ ಪಕ್ಕದಲ್ಲೇ ಇರುವ ರನ್‌ವೇ ಅದು. ಯಾರೂ ತಕರಾರು ಮಾಡುವ ಹಾಗಿರಲಿಲ್ಲ, ಪಂಕಜಾ ಕೂಡ ಮಾಡಲಿಲ್ಲ. ಆದರೆ ಹಾರದ ವಿಮಾನಕ್ಕೆ ಹಾರುವ ವಿಮಾನಕ್ಕಿಂತ ಹೆಚ್ಚು ಆರೈಕೆ ಬೇಕು ಎಂಬುದು ಆಮೇಲೆ ಗೊತ್ತಾಯಿತು. ಎಂಜಿನ್ನನ್ನು ವಾರಕ್ಕೊಮ್ಮೆ ಓಡಿಸದಿದ್ದರೆ ಒಳಗೆ ತುಕ್ಕು. ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಬಸಿಯಬೇಕು. ಬಾಲದೊಳಗೆ ಪಾರಿವಾಳ ಗೂಡು ಕಟ್ಟುತ್ತದೆ. ಮೇ ತಿಂಗಳ ಬಿಸಿಗಾಳಿ ಎಷ್ಟು ಮುಚ್ಚಿದರೂ ಮರಳನ್ನು ಒಳಕ್ಕೆ ತೂರುತ್ತದೆ.

ಈ ಕೆಲಸದಲ್ಲಿ ಅವರಿಗಿದ್ದ ಜೊತೆ ದಕ್ಷಿಣಾಮೂರ್ತಿ. ಮೈಸೂರಿನವರು, ಜಾಲಹಳ್ಳಿಯಲ್ಲಿ ತರಬೇತಿ ಪಡೆದು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ಘಾಜಿಯಾಬಾದಿನಲ್ಲಿ ಸಣ್ಣ ಫ್ಲ್ಯಾಟ್ ಕೊಂಡು ನಿಂತಿದ್ದರು. ಹೆಂಡತಿ ತೀರಿಕೊಂಡಿದ್ದರು. ವಿಮಾನ ಹಾರಲು ಯೋಗ್ಯವಾಗಿದೆ ಎಂದು ಸಹಿ ಹಾಕುವ ಲೈಸೆನ್ಸು ಅವರಿಗಿತ್ತು. ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬರುವರು. ಗೇಟಿನಲ್ಲಿ ಇಬ್ಬರೂ ಫಾರಂ ತುಂಬಿ, ಚೀಲ ತೋರಿಸಿ, ಕಾದು ಒಳಗೆ ಹೋಗಬೇಕು. ಅರ್ಧ ಗಂಟೆ ಎಂಜಿನ್ ಓಡಿಸಲು ಅರ್ಧ ದಿನ ಬೇಕಾಗುತ್ತಿತ್ತು.

"ಅಮ್ಮಾ, ಆಜ್ ಭೀ ಪ್ಲೇನ್?" ಇವತ್ತೂ ವಿಮಾನವಾ ಎಂದು ಹಿಂದಿ ಬೆರೆಸಿ ಕೇಳುತ್ತಿದ್ದಳು ಹನ್ನೆರಡನೇ ಕ್ಲಾಸಿನ ಚಿನ್ಮಯಿ. "ಹಾರೋದೇ ಇಲ್ಲ, ಫಿರ್ ಯಾಕೆ?"

ಪಂಕಜಾ ಅದನ್ನು ಮಾರಲು ನೋಡಿದ್ದರು. ಹಾರಿಸಿಕೊಂಡು ಹೋಗಲಾಗದ ಜಾಗದಲ್ಲಿರುವ ನಲವತ್ತು ವರ್ಷದ ವಿಮಾನವನ್ನು ಕೊಳ್ಳುವವರು ಯಾರೂ ಬರಲಿಲ್ಲ. ರೆಕ್ಕೆ ಕಳಚಿ ಲಾರಿಗೆ ಹೇರಲು ಪಂಕಜಾಗೆ ಮನಸ್ಸು ಬರಲಿಲ್ಲ. ಉಳಿದದ್ದು ಒಂದೇ ದಾರಿ: ವಿಶೇಷ ಅನುಮತಿ ಪಡೆದು ಒಂದೇ ಒಂದು ಸಲ ಹಾರಿಸಿ ಅದನ್ನು ಸಣ್ಣ ವಿಮಾನಗಳು ಇನ್ನೂ ಹಾರುತ್ತಿದ್ದ ಕರ್ನಾಲಿಗೆ ತಲುಪಿಸುವುದು. ಅರ್ಜಿ ಹಾಕಿದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದ ಆ ಅರ್ಜಿಯ ಹಿಂದೆ ಹದಿನಾಲ್ಕು ತಿಂಗಳು ಓಡಾಡಿದರು. ಸ್ವತಃ ಕಡತಗಳ ನಡುವೆ ಬದುಕಿದ್ದ ಈಶ್ವರಪ್ಪ ಸಂಜೆ ಚಹಾ ಕುಡಿಯುತ್ತಾ, "ನೀನು ಆಫೀಸಿಗೆ ಹೋಗಿ ಕೂತ್ಕೋಬೇಡ ಪಂಕಜಾ, ಕೂತವರನ್ನ ನೋಡಿ ನೋಡಿ ಅಭ್ಯಾಸ ಆಗ್ಬಿಡುತ್ತೆ ಅವರಿಗೆ," ಎನ್ನುತ್ತಿದ್ದರು. ಆದರೂ ಪಂಕಜಾ ಹೋಗಿ ಕೂರುತ್ತಿದ್ದರು.

ಅಷ್ಟರಲ್ಲಿ ವಾರ್ಷಿಕ ತಪಾಸಣೆ ಬಂತು. ಎಡ ರೆಕ್ಕೆಯ ಬಟ್ಟೆಯನ್ನು ದಕ್ಷಿಣಾಮೂರ್ತಿ ಬೆರಳಿನಿಂದ ಒತ್ತಿ ನೋಡಿದರು. ಹಳೆಯ ಕಾಗದದ ಹಾಗೆ ಬೆರಳು ಒಳಗೆ ಹೋಯಿತು.

"ಪೂರ್ತಿ ತೆಗೀಬೇಕು ಮೇಡಂ. ಹೊಸ ಬಟ್ಟೆ."

ಆ ಬೇಸಿಗೆ ರಜೆಯಿಡೀ ಅದೇ ಕೆಲಸ. ರೆಕ್ಕೆಯನ್ನು ಬಿಚ್ಚಿ, ಅಂಚಿನ ಮೇಲೆ ನಿಲ್ಲಿಸಿ, ಎರಡೂ ಮಗ್ಗುಲಿಗೆ ಹೊಸ ಬಟ್ಟೆ ಬಿಗಿದು, ಒಳಗಿನ ಪಕ್ಕೆಲುಬಿನಂಥ ಪಟ್ಟಿಗಳಿಗೆ ಸೇರಿಸಿ ಹೊಲಿಯಬೇಕು. ಮೊಳದುದ್ದದ ಸೂಜಿ. ಈ ಕಡೆಯಿಂದ ಪಂಕಜಾ ಚುಚ್ಚಿದರೆ ಆ ಕಡೆ ದಕ್ಷಿಣಾಮೂರ್ತಿ ಎಳೆದು, ಗಂಟು ಹಾಕಿ, ಮತ್ತೆ ಈ ಕಡೆಗೆ ಕಳಿಸುವರು. ಎರಡೆರಡು ಬೆರಳಗಲಕ್ಕೆ ಒಂದು ಗಂಟು. ಬಟ್ಟೆಯ ಗೋಡೆಯಾಚೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ದನಿ ಮಾತ್ರ.

"ಇದು ಹೋದಮೇಲೆ ಏನ್ಮಾಡ್ತೀರಿ ಮೂರ್ತಿಯವರೇ?"

"ಯಾವುದು ಹೋದಮೇಲೆ?"

"ವಿಮಾನ."

ಸೂಜಿ ಈ ಕಡೆಗೆ ಬಂತು. "ಭಾನುವಾರ ಬಟ್ಟೆ ಒಗೀತೀನಿ ಮೇಡಂ," ಎಂದಿತು ದನಿ.

ಹೊಲಿದದ್ದರ ಮೇಲೆ ಡೋಪ್ ಎಂಬ ಬಣ್ಣದಂಥ ದ್ರವವನ್ನು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದರು. ಆರು ಸಲ. ಅದರ ವಾಸನೆಗೆ ಪಂಕಜಾಗೆ ತಲೆನೋವು ಹತ್ತಿಕೊಂಡರೆ ಎರಡು ದಿನ ಬಿಡುತ್ತಿರಲಿಲ್ಲ. ಕಾಲೇಜು ತೆರೆಯುವಾಗ ಬೆರಳ ತುದಿಗಳು ಬಿರಿದಿದ್ದವು. ಚಾಕ್‌ಪೀಸು ಹಿಡಿದರೆ ಉರಿ.

೨೦೦೪ರ ಜನವರಿಯಲ್ಲಿ ಅನುಮತಿ ಬಂತು. ಒಂದು ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ. ಆ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹ್ಯಾಂಗರಿನ ಬಾಗಿಲಿನಿಂದ ರನ್‌ವೇ ಕಾಣಲಿಲ್ಲ. ಹನ್ನೆರಡೂಕಾಲಿಗೆ ಬಿಸಿಲು ಬಂತು. ಇಬ್ಬರೂ ಬಿಸಿಲಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದು ಮನೆಗೆ ಹೋದರು. ಎರಡನೇ ಅನುಮತಿ, ಅದೂ ಅದೇ ಎರಡು ಗಂಟೆಯದು, ಬರಲು ಮಾರ್ಚ್ ಕೊನೆಯಾಯಿತು.

ಅವತ್ತು ಆಕಾಶ ತಿಳಿಯಾಗಿತ್ತು. ಪಂಕಜಾ ಕಾಲೇಜಿಗೆ ರಜೆ ಹಾಕಿದ್ದರು. ಈಶ್ವರಪ್ಪ ಮೊದಲೇ ರೈಲಿನಲ್ಲಿ ಕರ್ನಾಲಿಗೆ ಹೋಗಿ ಕಾಯುತ್ತಿದ್ದರು. ದಕ್ಷಿಣಾಮೂರ್ತಿ ಕೈಯಿಂದ ಪ್ರೊಪೆಲ್ಲರ್ ತಿರುಗಿಸಿದರು, ಎಂಜಿನ್ ಹೊತ್ತಿತು. ಎಂಜಿನ್ನಿಗೆ ಕಿಡಿ ಕೊಡಲು ಮ್ಯಾಗ್ನೆಟೋ ಎಂಬ ಸಾಧನ ಎರಡಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಹೊರಡುವ ಮುಂಚೆ ಒಂದೊಂದನ್ನೇ ನಿಲ್ಲಿಸಿ ನೋಡುವುದು ಪದ್ಧತಿ. ಪಂಕಜಾ ಎಡಗಡೆಯದನ್ನು ನಿಲ್ಲಿಸಿದರು. ಬಲಗಡೆಯದೊಂದರ ಮೇಲೆ ಎಂಜಿನ್ ಕೆಮ್ಮಿತು, ಇಡೀ ವಿಮಾನ ನಡುಗಿತು. ಮತ್ತೆ ಎರಡನ್ನೂ ಹಾಕಿದರೆ ಏನೂ ಆಗದ ಹಾಗೆ ಓಡಿತು.

ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರು. ಮತ್ತೆ ಅದೇ ನಡುಕ. ಹನ್ನೊಂದೂವರೆಯಾಯಿತು. ದಕ್ಷಿಣಾಮೂರ್ತಿ ಎಂಜಿನ್ ನಿಲ್ಲಿಸಲು ಕೈಸನ್ನೆ ಮಾಡಿದರು.

"ಆಗಲ್ಲ ಮೇಡಂ. ನಾನು ಸಹಿ ಹಾಕಲ್ಲ."

"ಎರಡೂ ಇದ್ದಾಗ ಸರಿಯಾಗಿ ಓಡ್ತಿದೆಯಲ್ರೀ! ಒಂದೇ ಗಂಟೆ ದಾರಿ. ಮತ್ತೆ ಅನುಮತಿ ಕೊಡಲ್ಲ ಅವರು."

"ಕೆಳಗಡೆ ಪೂರ್ತಿ ಊರಿದೆ."

ಪಂಕಜಾ ಕೆಳಗಿಳಿದರು. "ನಿಮಗೆ ಇದು ಹೋಗೋದೇ ಬೇಡ. ಹೋದ್ರೆ ಭಾನುವಾರ ಬಂದು ಕೂರೋಕೆ ನಿಮಗೆ ಜಾಗ ಇರಲ್ಲ, ಅದಕ್ಕೇ."

ದಕ್ಷಿಣಾಮೂರ್ತಿ ಸ್ಪ್ಯಾನರ್ ತೆಗೆದುಕೊಂಡು ಎಂಜಿನ್ನಿನ ಮುಚ್ಚಳ ಬಿಚ್ಚಲು ಶುರುಮಾಡಿದರು. ಪಂಕಜಾ ಹ್ಯಾಂಗರಿನ ನೆರಳಿನಲ್ಲಿ ಒಂದು ಡ್ರಮ್ಮಿನ ಮೇಲೆ ಕೂತರು. ಹನ್ನೆರಡಾಯಿತು, ಒಂದಾಯಿತು. ಕರ್ನಾಲಿಗೆ ಫೋನ್ ಮಾಡಿ, "ಬರ್ತಿಲ್ಲ ರೀ, ನೀವು ಊಟ ಮಾಡಿ," ಎಂದರು.

ದಕ್ಷಿಣಾಮೂರ್ತಿ ಬಂದು ಅಂಗೈ ಚಾಚಿದರು. ಮ್ಯಾಗ್ನೆಟೋದ ಒಳಗಿನ ಕಪ್ಪು ಬಿಲ್ಲೆ; ಅದರ ಅಡ್ಡಕ್ಕೆ ಕೂದಲೆಳೆಯ ಬಿರುಕು, ಬಿರುಕಿನುದ್ದಕ್ಕೂ ಸುಟ್ಟ ಗೆರೆ. "ಹಳೇದಾಗಿದೆ, ಅಷ್ಟೇ. ಇವತ್ತು ಹೋಗಿದ್ರೆ ತಲುಪ್ತಿದ್ರೋ ಏನೋ. ನನಗೆ ಗೊತ್ತಿಲ್ಲ."

ಪಂಕಜಾ ಬಿಲ್ಲೆಯನ್ನು ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ನಾನು ಹಾಗೆ ಮಾತಾಡಬಾರದಿತ್ತು," ಎಂದರು.

"ಸುಳ್ಳೇನಲ್ಲ ಬಿಡಿ. ಜಾಗ ಇರಲ್ಲ ನಿಜ," ಎಂದರು ದಕ್ಷಿಣಾಮೂರ್ತಿ. "ಬಿಡಿಭಾಗ ಹುಡುಕ್ತೀನಿ. ಇನ್ನೊಂದು ಅರ್ಜಿ ಹಾಕೋಣ."

"ಬೇಡ."

ಆ ಮಾತು ಬಾಯಿಂದ ಬಂದಾಗ ಪಂಕಜಾಗೆ ದುಃಖವಾಗಬೇಕಿತ್ತು. ಆಗಲಿಲ್ಲ. ತುಂಬ ದೂರ ಹೊತ್ತ ಸೂಟ್‌ಕೇಸನ್ನು ಪ್ಲ್ಯಾಟ್‌ಫಾರ್ಮಿನ ಮೇಲೆ ಇಳಿಸಿದ ಮೇಲೂ ಕೈ ಮಡಚಿಕೊಂಡೇ ಇರುತ್ತದಲ್ಲ, ಹಾಗಿತ್ತು.

ವಿಮಾನದ ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಡುವ ಒಂದು ಖಾಸಗಿ ಸಂಸ್ಥೆ ಘಾಜಿಯಾಬಾದಿನಲ್ಲಿ ಆಗತಾನೇ ಶುರುವಾಗಿತ್ತು. ವಿದ್ಯಾರ್ಥಿಗಳು ಬಿಚ್ಚಿ ಜೋಡಿಸಿ ಕಲಿಯಲು ಅವರಿಗೊಂದು ನಿಜವಾದ ವಿಮಾನ ಬೇಕಿತ್ತು, ಹಾರದಿದ್ದರೂ ನಡೆಯುತ್ತಿತ್ತು. ಪಂಕಜಾ ಒಂದು ಷರತ್ತು ಹಾಕಿದರು: ಇದನ್ನು ಬಲ್ಲವರೊಬ್ಬರಿದ್ದಾರೆ, ಅವರನ್ನು ಕಲಿಸಲು ಇಟ್ಟುಕೊಳ್ಳಬೇಕು. ಸಂಸ್ಥೆಯವರು ಒಪ್ಪಿದರು. ದಕ್ಷಿಣಾಮೂರ್ತಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ವಾರಕ್ಕೆ ಎಷ್ಟು ದಿನ?"

"ಆರು."

"ಅಚ್ಛಾ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಏಪ್ರಿಲ್‌ನಲ್ಲಿ ರೆಕ್ಕೆ ಕಳಚಿ, ಎಲ್ಲವನ್ನೂ ಲಾರಿಗೆ ಹೇರಿ, ಬೆಳಕು ಹರಿಯುವ ಹೊತ್ತಿಗೆ ಹೊರಟರು. ಪಂಕಜಾ ಡ್ರೈವರಿನ ಪಕ್ಕ ಕೂತರು. "ಇದು ಸಿನಿಮಾದವರದ್ದಾ ಮೇಡಂಜೀ?" ಎಂದು ಅವನು ಹಿಂದಿಯಲ್ಲಿ ಕೇಳಿದ. ನನ್ನದು ಎಂದರು. ಅವನು ನಂಬಲಿಲ್ಲ. ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವರು ನಿಂತು ನೋಡಿದರು. ಯಮುನೆಯ ಸೇತುವೆಯ ಮೇಲೆ, ಹಿಂದೆ ಹಗ್ಗದಲ್ಲಿ ಬಿಗಿದ ರೆಕ್ಕೆಗೆ ಗಾಳಿ ಸಿಕ್ಕು ಅದು ಮೆಲ್ಲಗೆ ಏಳಲು ನೋಡುತ್ತಿತ್ತು. ಡ್ರೈವರ್ ಲಾರಿಯನ್ನು ನಿಧಾನ ಮಾಡಿದ.

ಸಂಸ್ಥೆಯ ಶೆಡ್ಡಿನಲ್ಲಿ ಇಳಿಸಿ, ಲಾಗ್‌ಪುಸ್ತಕಗಳನ್ನು ಒಪ್ಪಿಸಿ, ನಾಲ್ಕು ಕಡೆ ಸಹಿ ಹಾಕಿದರು. ಅಷ್ಟರಲ್ಲೇ ಮೂರ್ನಾಲ್ಕು ವಿದ್ಯಾರ್ಥಿಗಳು ರೆಕ್ಕೆಯ ಸುತ್ತ ನೆರೆದಿದ್ದರು. ಈ ಗಂಟುಗಳನ್ನು ಯಾವ ಯಂತ್ರ ಹಾಕುತ್ತದೆ ಎಂದು ಒಬ್ಬಳು ಕೇಳಿದಳು. ದಕ್ಷಿಣಾಮೂರ್ತಿ ಪಂಕಜಾ ಕಡೆ ಕೈ ತೋರಿಸಿದರು. ಹುಡುಗಿ ತಬ್ಬಿಬ್ಬಾಗಿ ನಮಸ್ಕಾರ ಮಾಡಿದಳು.

ಅವರು ಹೊರಡುವಾಗ ದಕ್ಷಿಣಾಮೂರ್ತಿ ಗೇಟಿನವರೆಗೂ ಬಂದರು. "ಬರ್ತಾ ಇರಿ ಮೇಡಂ," ಎಂದರು. ಬರುತ್ತೇನೆ ಎಂದರು ಪಂಕಜಾ. ಮುಂದಿನ ಆರು ವರ್ಷಗಳಲ್ಲಿ, ದಕ್ಷಿಣಾಮೂರ್ತಿ ತೀರಿಕೊಳ್ಳುವವರೆಗೆ, ಪಂಕಜಾ ಎರಡೇ ಸಲ ಹೋದದ್ದು. ಹಾರಾಟದ ಲೈಸೆನ್ಸನ್ನು ಮತ್ತೆ ನವೀಕರಿಸಲೇ ಇಲ್ಲ.

ವಿಮಾನ ಒಪ್ಪಿಸಿದ ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಪಂಕಜಾಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿಕೆಟ್ ತೆಗೆದುಕೊಂಡದ್ದಷ್ಟೇ ನೆನಪು, ಆಮೇಲೆ ನಿದ್ದೆ. ಕಂಡಕ್ಟರ್ ಭುಜ ತಟ್ಟಿದಾಗ ಸರೋಜಿನಿ ನಗರ ಯಾವಾಗಲೋ ದಾಟಿ ಬಸ್ಸು ಧೌಲಾ ಕುಆಂನಲ್ಲಿ ನಿಂತಿತ್ತು. ಪಂಕಜಾ ಕೆಳಗಿಳಿದು, ರಸ್ತೆ ದಾಟಿ, ವಾಪಸು ಹೋಗುವ ಬಸ್ಸಿಗೆ ಬಿಸಿಲಿನಲ್ಲಿ ಕಾಯುತ್ತ ನಿಂತರು.