ಚಕ್ಕೋತದ ತೋಟದ ಕಲ್ಲುಬೆಂಚು

ದೇವನಹಳ್ಳಿಯ ಅಂಚಿನಲ್ಲಿದ್ದ ಆ ಚಕ್ಕೋತದ ತೋಟ ಸಾರ್ವಜನಿಕ ಉದ್ಯಾನವಾದದ್ದು ಎಪ್ಪತ್ತರ ದಶಕದಲ್ಲಿ. ಅದಕ್ಕೂ ಮೊದಲು ಅದು ಧಣಿಗಳ ತೋಟ. ಅವರ ಅಪ್ಪ ಬಾವಿ ತೋಡಿಸಿ, ಗಿಡ ನೆಡಿಸಿ, ಸುತ್ತ ಆಳೆತ್ತರದ ಗೋಡೆ ಕಟ್ಟಿಸಿದ್ದರಂತೆ. ಹಣ್ಣು ಗಾಡಿಗಟ್ಟಲೆ ಬೆಂಗಳೂರಿಗೆ ಹೋಗುತ್ತಿತ್ತು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಹೂವಿನ ವಾಸನೆ. ನನ್ನ ಅಮ್ಮ ಅಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತಳು. ಶಾಲೆ ಬಿಟ್ಟ ಮೇಲೆ ನಾನು ಅವಳನ್ನು ಕರೆಯಲು ಹೋಗುತ್ತಿದ್ದೆ. ಗೇಟಿನ ಹೊರಗೇ ಚಪ್ಪಲಿ ಬಿಡಬೇಕು. ಯಾರೂ ಹೇಳದೆ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ ಅದು. ದೊಡ್ಡ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಧಣಿಗಳ ಹೆಂಡತಿ ಮಾತ್ರ ಕೂರುತ್ತಿದ್ದರು.

ಒಮ್ಮೆ ನಾನು ಅದರ ಮೇಲೆ ಕೂತದ್ದಕ್ಕೆ ಅಮ್ಮ ಬೆನ್ನಿಗೊಂದು ಗುದ್ದಿದಳು. ಆ ಸಿಟ್ಟು ವರ್ಷಗಟ್ಟಲೆ ನನ್ನಲ್ಲಿ ಆರಲಿಲ್ಲ.

ಮಕ್ಕಳಿಲ್ಲದ ಧಣಿಗಳು ಕೊನೆಗಾಲದಲ್ಲಿ ತೋಟವನ್ನು ಊರಿಗೆ ಬರೆದುಕೊಟ್ಟರು. ಪುರಸಭೆಯವರು ಗೋಡೆಯನ್ನು ಅರ್ಧಕ್ಕೆ ಇಳಿಸಿ, ಸುಣ್ಣ ಬಳಿದು, ಗೇಟು ತೆರೆದರು. ಮೊದಲ ದಿನ ಊರಿಗೆ ಊರೇ ಬಂತು. ಬಂದವರೆಲ್ಲ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ನಡೆದರು! ಭಾಷಣಕ್ಕೆ ಬಂದಿದ್ದ ಅಧಿಕಾರಿ ಆ ರಾಶಿ ನೋಡಿ, "ಒಳಗೆ ಯಾವ ದೇವರ ಗುಡಿ ಇದೆ?" ಎಂದು ಕೇಳಿದರು. ಎಲ್ಲರೂ ನಕ್ಕರು, ಚಪ್ಪಲಿ ಮೆಟ್ಟಿಕೊಳ್ಳಲು ಮಾತ್ರ ಯಾರೂ ಹೋಗಲಿಲ್ಲ.

ನನ್ನ ಹಟವೇ ಬೇರೆ. ಅಮ್ಮ ಆ ಬೆಂಚಿನ ಮೇಲೆ ಕೂರಬೇಕು, ಅಷ್ಟೇ. ಅವಳೋ ಬೆಂಚಿನ ಪಕ್ಕ ನೆಲದಲ್ಲೇ ಕೂತಳು.

"ಮೇಲೆ ಕೂತ್ಕೊ. ಈಗಿದು ಎಲ್ಲಾರ್ದೂ ಕಣಮ್ಮ."

"ನಂಗೆ ಇಲ್ಲೇ ಸರಿಯಾಗೈತೆ ಬಿಡೇ."

ನನಗೆ ಮೈಯೆಲ್ಲ ಉರಿದುಹೋಯಿತು. ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದೆ, ನಾನೂ ಪಕ್ಕದಲ್ಲಿ ಕೂತೆ. ಬಸ್ಸಿಗೆ ಕಾಯುವವಳ ಹಾಗೆ ತುದಿಯಲ್ಲಿ ಕೂತ ಅಮ್ಮನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬೆಂಚಿನ ಕಾಲಿನ ಸುತ್ತ ಕಳೆ ಕೀಳತೊಡಗಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊಣಗಿದೆ. ಅವಳು ನಿಲ್ಲಿಸಲಿಲ್ಲ.

"ಇನ್ನೂ ಯಾರ ಆಳಮ್ಮಾ ನೀನು?" ಎಂದು ಕಿರುಚಿದೆ. ಜನ ತಿರುಗಿ ನೋಡಿದರು.

ಅಮ್ಮ ತಲೆ ಎತ್ತಲಿಲ್ಲ. "ಸುಮ್ನೆ ಕೂತ್ರೆ ಯಾರ್ದೋ ತೋಟಕ್ಕೆ ಬಂದಂಗಾಯ್ತದೆ. ಕಳೆ ಕಿತ್ರೆ ನಂದು ಅನ್ಸ್ತದೆ ಕಣೇ," ಅಂದಳು.

ಅಷ್ಟು ವರ್ಷವೂ ಆ ತೋಟ ಅವಳದಾಗಿತ್ತೆಂದು ನನಗೆ ಹೊಳೆದೇ ಇರಲಿಲ್ಲ. ತುಂಬ ನಾಚಿಕೆಯಾಯಿತು. ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ.