ಅಕ್ಕನಿಗೊಂದು ಬೇರೆ ಮೆಸೇಜು

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಡಬ್ಬಿ ಹುಡುಕುತ್ತಿದ್ದಾಗ ಫೋನು ‘ಟಣ್’ ಎಂದಿತು. ವಾಟ್ಸಾಪಿನ ಸದ್ದಲ್ಲ, ಹಳೆಯ ಕಾಲದ ಮೆಸೇಜಿನ ಸದ್ದು. ಈಗ ಆ ಸದ್ದಾದರೆ ರೀಚಾರ್ಜ್ ಮುಗಿಯಿತು ಎಂದೋ, ಯಾವುದೋ ಅಂಗಡಿಯಲ್ಲಿ ರಿಯಾಯಿತಿ ಎಂದೋ ತಿಳಿದು ನೀವೂ ನೋಡದೆ ಬಿಡುತ್ತೀರಿ. ನಾನು ಬಿಡುವ ಹಾಗಿಲ್ಲ. ಆ ದಾರಿಯಲ್ಲಿ ನನಗೆ ಈಗಲೂ ಬರೆಯುವವಳು ಒಬ್ಬಳಿದ್ದಾಳೆ, ಜಗಳೂರಿನ ನನ್ನ ಅಕ್ಕ.

ತೆರೆದರೆ ಇಷ್ಟೇ ಇತ್ತು: “ಅದಕ್ಕೇ ನೀನೇ ಹೇಳು. ಇಂತಿ ನಿನ್ನ ಅಕ್ಕ.” ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಕ್ಕನ ಮೆಸೇಜು ಎರಡು ತುಂಡಾಗಿ ಬರುವುದು, ಬಾಲ ಮೊದಲು ಬಂದು ತಲೆ ಆಮೇಲೆ ಬರುವುದು ಹೊಸದೇನಲ್ಲ. ತಲೆ ಬರುವಷ್ಟರಲ್ಲಿ ನಿಮಗೆ ಹಳೆಯದೊಂದು ಹೇಳಿಬಿಡುತ್ತೇನೆ.

ನಾನು ಚನ್ನಗಿರಿಯಲ್ಲಿ ಬಟ್ಟೆ ಹೊಲಿಯುವವಳು. ಬ್ಲೌಸಿನ ಕತ್ತು ಹೇಗಿರಬೇಕು ಎಂಬ ಚಿತ್ರಗಳೆಲ್ಲ ವಾಟ್ಸಾಪಿನಲ್ಲೇ ಬರುವುದರಿಂದ ನಮ್ಮ ಮನೆತನದಲ್ಲಿ ದೊಡ್ಡ ಫೋನು ಮೊದಲು ಕೊಂಡವಳು ನಾನೇ. ಮನೆಯವರ ಗ್ರೂಪು ಮಾಡಿದವಳೂ ನಾನೇ. ಒಂದು ಸಲ ಒತ್ತಿದರೆ ಸಾಕು, ನಲವತ್ತು ಮಂದಿಗೆ ಸುದ್ದಿ ಮುಟ್ಟುತ್ತದೆ. ನೋಡಿದರೋ ಇಲ್ಲವೋ ಎಂದು ನೀಲಿ ಗೆರೆ ಬೇರೆ ಹೇಳುತ್ತದೆ. ಅಕ್ಕನ ಹತ್ತಿರ ಇದ್ದದ್ದು ಬಟನ್ ಫೋನು. ಅದರಲ್ಲಿ ಕನ್ನಡ ಬರೆದರೆ ಬರೀ ಚೌಕ ಕಾಣುತ್ತದೆಂದು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ಅವಳೊಬ್ಬಳಿಗಾಗಿ ಅದನ್ನೆಲ್ಲ ಮತ್ತೆ ಕುಟ್ಟುವುದು ನನಗೆ ಬೇಸರವಾಯಿತು. ಗ್ರೂಪಿನಲ್ಲಿ ಅವಳ ಗಂಡ, ನಮ್ಮ ಭಾವ ಇದ್ದಾರಲ್ಲ, ಹೇಳುತ್ತಾರೆ ಎಂದುಕೊಂಡು ಅವಳಿಗೆ ಬರೆಯುವುದನ್ನೇ ಬಿಟ್ಟೆ.

ಭಾವ ಒಳ್ಳೆಯವರು. ಗ್ರೂಪಿಗೆ ಏನೇ ಬರಲಿ, ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಯಾರೋ ತೀರಿಕೊಂಡರೂ ಕೈ ಮುಗಿಯುತ್ತಾರೆ, ಎಮ್ಮೆ ಈದರೂ ಮುಗಿಯುತ್ತಾರೆ. ಓದಿ ಮುಗಿಯುತ್ತಾರೋ ಓದದೆ ಮುಗಿಯುತ್ತಾರೋ ಎಂದು ನಾವು ಯಾರೂ ಕೇಳಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ತಮ್ಮನ ಮೊದಲ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ನ್ಯಾಮತಿಯಲ್ಲಿ, ಅವನ ಹೆಂಡತಿಯ ತವರಿನಲ್ಲಿ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಕರೆಯುವವಳು ಸೋದರತ್ತೆ. ಕರೆಯುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಅಕ್ಕನ ಪಾಲಿನದು. ತಮ್ಮನನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು ಅವಳು. ಮಗು ಹುಟ್ಟಿದ ದಿನವೇ “ಬೆನ್ನು ಗಟ್ಟಿ ಮಾಡ್ಕಂತಾ ಇದೀನಿ” ಎಂದು ನನಗೆ ಬರೆದಿದ್ದಳು. ನಾನು ಉತ್ತರ ಬರೆದಿರಲಿಲ್ಲ.

ಸೋಮವಾರ ಎಂದು ಗೊತ್ತಾಗಿತ್ತು, ತಮ್ಮನೇ ಅಕ್ಕನಿಗೆ ಫೋನು ಮಾಡಿ ಹೇಳಿದ್ದ. ಶಾಸ್ತ್ರ ಮಾಡಿಸುವ ಅಯ್ಯನವರಿಗೆ ಬೇರೆ ಕಾರ್ಯ ಬಂದದ್ದರಿಂದ ದಿನ ಹಿಂದಿನ ಶುಕ್ರವಾರಕ್ಕೆ ಬಂತು. ಗ್ರೂಪಿಗೆ ಹಾಕಿದೆ. ಗೆರೆಗಳು ನೀಲಿಯಾದವು. ಭಾವ ಕೈ ಮುಗಿದರು. ಶುಕ್ರವಾರ ತೊಟ್ಟಿಲು ಸಿಂಗರಿಸಿ ಹತ್ತು ಗಂಟೆಯಾದರೂ ಅಕ್ಕ ಕಾಣಲಿಲ್ಲ. ಫೋನು ಮಾಡಿದೆ.

“ಇವತ್ತೇನೆ?” ಎಂದಳು ಅಕ್ಕ. “ಸೋಮವಾರಕ್ಕಂತ ಸೀರೆ ಇಸ್ತ್ರಿಗೆ ಕೊಟ್ಟೀನಿ.”

“ಭಾವ ನೋಡಿದಾರಲ್ಲ ಅಕ್ಕಾ, ಕೈ ಮುಗಿದಾರೆ.”

“ಅವ್ರು ಎಲ್ಲದಕ್ಕೂ ಮುಗೀತಾರೆ.” ಆಮೇಲೆ ಮೆಲ್ಲಗೆ, “ನೀನೂ ಸೋದರತ್ತೇನೇ ಅಲ್ಲೇನು, ನೀನೇ ಕರಿ. ನನ್ನ ಸಲುವಾಗಿ ಕಾಯಾಕೆ ಹೋಗಬ್ಯಾಡ್ರಿ.”

ನಿಮ್ಮ ಹತ್ತಿರ ಮುಚ್ಚಿಡುವುದೇನು, ಅರ್ಧ ನಿಮಿಷ ನನಗೆ ಆಸೆಯಾಯಿತು. ಹೊಸ ಬ್ಲೌಸು ನಾನೇ ಹೊಲಿದು ಹಾಕಿಕೊಂಡಿದ್ದೆ. ಆದರೆ ಅಕ್ಕ ಬೈದಿರಲಿಲ್ಲ. ಬೈದಿದ್ದರೆ ಕರೆದುಬಿಡುತ್ತಿದ್ದೆನೋ ಏನೋ. ಆ ಮೆಲ್ಲಗಿನ ದನಿ ಕೇಳಿ, ನಲವತ್ತು ಮಂದಿಗೆ ಹೇಳಿ ಅಕ್ಕನಿಗೆ ಹೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. “ನೀನು ಇದ್ದ ಸೀರೇಲಿ ಹೊರಡು” ಎಂದು ಫೋನಿಟ್ಟು ಅಯ್ಯನವರ ಮುಂದೆ ನಿಂತೆ. ಅವರು ಪಂಚಾಂಗ ತಿರುವಿ, “ನಾಲ್ಕು ಗಂಟೆ ತನಕ ವೇಳೆ ಚಲೋ ಐತೆ ತಾಯಿ. ಮೊದಲು ಊಟ ಆಗ್ಲಿ” ಎಂದರು. ವೇಳೆ ಚೆನ್ನಾಗಿತ್ತೋ, ಹೋಳಿಗೆಯ ವಾಸನೆ ಬಂದಿತ್ತೋ, ನಾನು ವಿಚಾರಿಸಲಿಲ್ಲ.

ದಾವಣಗೆರೆಯಲ್ಲಿ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಅಕ್ಕ ಮೂರೂವರೆಗೆ ಬಂದಳು. ಸೀರೆ ಮುದ್ದೆಯಾಗಿತ್ತು, ಮುಖವೂ ಹಾಗೇ ಇತ್ತು. ಯಾರನ್ನೂ ಮಾತಾಡಿಸದೆ ಕೈಕಾಲು ತೊಳೆದು ನೇರ ತೊಟ್ಟಿಲಿಗೆ ಬಗ್ಗಿದಳು. ಉಂಡು ಗಟ್ಟಿಯಾಗಿದ್ದ ಹೆಂಗಸರು ಗುದ್ದಿದ ಗುದ್ದಿಗೆ ಹೆಸರು ಅರ್ಧಕ್ಕೇ ನಿಲ್ಲುತ್ತದೇನೋ ಅನ್ನಿಸಿತು. ಅಕ್ಕ ಪೂರ್ತಿ ಕರೆದು ಎದ್ದು ನಿಂತು ನನ್ನ ರಟ್ಟೆ ಹಿಡಿದಳು. “ನನ್ನ ಪಾಲಿಂದು ಆತು. ಉಳಿದಿದ್ದು ಇವಳಿಗೆ ಹಾಕ್ರಿ. ದಿನ ಬದಲಾಗಿದ್ದು ನಂಗೆ ಹೇಳದೇ ಇದ್ದೋಳು ಇವಳೇ.” ಬೀಗರ ಮನೆಯ ಹೆಂಗಸರು ಹಿಂದೆ ಮುಂದೆ ನೋಡಲಿಲ್ಲ. ಮೊದಲ ಗುದ್ದಿಗೇ ಅಕ್ಕನಿಗೆ ನಗು ಬಂತು, ಎರಡನೆಯದಕ್ಕೆ ನನಗೂ ಬಂತು. ಎರಡು ದಿನ ಮಿಷಿನ್ನಿನ ಮುಂದೆ ನೆಟ್ಟಗೆ ಕೂರಲಾಗಲಿಲ್ಲ. ನಾನು ಗುದ್ದು ತಿನ್ನುವ ಫೋಟೋ ಯಾರೋ ಗ್ರೂಪಿಗೆ ಹಾಕಿದಾಗ ಭಾವ ಎಂದಿನಂತೆ ಕೈ ಮುಗಿದರು.

ಅಂದಿನಿಂದ ಅಕ್ಕನಿಗೆ ತಪ್ಪದೆ ಬೇರೆಯಾಗಿ ಬರೆಯುತ್ತಿದ್ದೆ. ಈಗ ಭಾವ ಹೊಸ ಫೋನು ಕೊಂಡು ಹಳೆಯದನ್ನು ಅಕ್ಕನಿಗೆ ಕೊಟ್ಟಿದ್ದಾರೆ. ಹೋದ ತಿಂಗಳು ಅವಳೂ ಗ್ರೂಪಿಗೆ ಬಂದಳು, ನನಗೆ ಬರೆಯುವುದು ಮಾತ್ರ ಹಳೆಯ ದಾರಿಯಲ್ಲೇ. ಇನ್ನು ನನ್ನ ಕೆಲಸ ಹಗುರವಾಯಿತೆಂದು, ತಮ್ಮನ ಎರಡನೆಯ ಮಗುವನ್ನು ಬರುವ ಬುಧವಾರ ತೊಟ್ಟಿಲಿಗೆ ಹಾಕುವ ಸುದ್ದಿಯನ್ನು ನಿನ್ನೆ ಗ್ರೂಪಿನಲ್ಲಿ ಮಾತ್ರ ಹಾಕಿದ್ದೆ. ಅಕ್ಕನ ಹೆಸರಿನ ಮುಂದೆಯೂ ಗೆರೆ ನೀಲಿಯಾಗಿತ್ತು.

ಎಣ್ಣೆ ಹೊಗೆಯಾಡುವ ಹೊತ್ತಿಗೆ ಮತ್ತೆ ‘ಟಣ್’. ತಲೆ ಬಂತು. “ಬುಧವಾರ ಅಂತ ಗ್ರೂಪಿನಾಗೆ ನೋಡಿದೆ. ಅದು ಎಲ್ಲಾರಿಗೂ ಹೇಳಿದ್ದು. ನಂಗೆ ಹೇಳಿದಂಗೆ ಆಗ್ಲಿಲ್ಲ.”

ಒಲೆ ಆರಿಸಿ ಸ್ಟೂಲ್ ಎಳೆದುಕೊಂಡು ಕೂತೆ. ನಲವತ್ತು ಮಂದಿಗೆ ಎರಡೇ ಸಾಲಿನಲ್ಲಿ ಮುಗಿಸಿದ್ದನ್ನು ಅವಳೊಬ್ಬಳಿಗೆ ಹಳೆಯ ದಾರಿಯಲ್ಲೇ ಉದ್ದಕ್ಕೆ ಬರೆದೆ. ಬುಧವಾರ, ನ್ಯಾಮತಿ, ಹತ್ತು ಗಂಟೆ, ಎಲ್ಲ ಬರೆದು, ಸೀರೆ ಇವತ್ತೇ ಇಸ್ತ್ರಿಗೆ ಕೊಡು, ನೀನು ಬರದೆ ಹೆಸರು ಕರೆಯುವುದಿಲ್ಲ, ಇಂತಿ ನಿನ್ನ ತಂಗಿ ಎಂದು ಮುಗಿಸಿದೆ. ಈ ಮೆಸೇಜಿಗೆ ನೀಲಿ ಗೆರೆಯಿಲ್ಲ. ಮುಟ್ಟಿತೋ ಇಲ್ಲವೋ ಎಂದು ಫೋನು ಹಿಡಿದೇ ಕೂತಿದ್ದೆ.

‘ಟಣ್’ ಎಂದಿತು. ಈ ಸಲ ಒಂದೇ ತುಂಡು.

“ಈಗ ಗೊತ್ತಾತು. ಬೆನ್ನು ಹೆಂಗೈತೆ ನಿಂದು?”